ಬಾಯಿಮಾತಿಗೆ ಕರೆದದ್ದು

ಸರಸ್ವತಿಪುರಂನ ಆ ಮನೆಯ ಮಹಡಿಯಲ್ಲಿ ನಾವು ಮೂವರು ಹುಡುಗಿಯರು ಬಾಡಿಗೆಗಿದ್ದ ವರ್ಷ, ಅಂದರೆ ಎರಡು ಸಾವಿರದ ಆರರಲ್ಲಿ, ಮಳೆ ಹಿಡಿದರೆ ಬಿಡುತ್ತಲೇ ಇರಲಿಲ್ಲ. ಆ ಸಂಜೆ ಟ್ಯುಟೋರಿಯಲ್‌ನಿಂದ ನೆನೆದುಕೊಂಡು ಬರುವಷ್ಟರಲ್ಲಿ ಕರೆಂಟೂ ಹೋಗಿತ್ತು. ಕೆಳಗಿನ ಮನೆಯ ಒಡತಿ ಮಂಜುಳಮ್ಮಜ್ಜಿ ದೀಪ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಕತ್ತಲಲ್ಲಿ ಮೇಲೆ ಹೋಗಿ ಏನ್ ಮಾಡ್ತೀರಿ, ಬನ್ರೇ ಒಳಗೆ" ಎಂದರು. ನಾನು, ಐಶ್ವರ್ಯ, ಸಿಂಚನ ಹಾಲಿನಲ್ಲಿ ನೆಲದ ಮೇಲೇ ಕೂತೆವು. ಗೋಡೆಯ ಮೇಲೆ ಹಾರ ಹಾಕಿದ್ದ ಫೋಟೋ ನೋಡಿ ಸಿಂಚನ, "ಅಜ್ಜಿ, ತಾತ ಹೆಂಗೆ ತೀರ್ಕೊಂಡ್ರು?" ಎಂದು ಕೇಳಿಯೇಬಿಟ್ಟಳು. ಐಶ್ವರ್ಯ ಅವಳ ತೊಡೆ ಚಿವುಟಿದಳು. ಅಜ್ಜಿಗೆ ಬೇಜಾರಾದಂತೆ ಕಾಣಲಿಲ್ಲ. ತರಕಾರಿ ರೇಟು ಹೇಳುವ ದನಿಯಲ್ಲೇ ಶುರುಮಾಡಿದರು.

"ಹೇಳ್ತೀನಿ ಕೇಳಿ. ನಡುವೆ ಅಯ್ಯೋ ಪಾಪ ಅಂದ್ರೆ ನಿಲ್ಲಿಸ್ಬುಡ್ತೀನಿ. ನಮ್ಮ ಯಜಮಾನ್ರು ಸದಾಶಿವಯ್ಯನೋರು ಭೂಗೋಳದ ಮೇಷ್ಟ್ರು, ಜೀವಮಾನ ಪೂರ್ತಿ ಮಕ್ಕಳಿಗೆ ಬೆಟ್ಟ ಗುಡ್ಡ ನಕ್ಷೇಲೇ ತೋರಿಸಿದೋರು. ರಿಟೈರ್ ಆದ್ಮೇಲೆ, ತೊಂಬತ್ತೇಳರಲ್ಲಿ, ನಡೆಯೋ ಹುಚ್ಚು ಹಿಡೀತು. ಊಟಿಗೆ ಹೋಗೋದಂತೆ, ಅಲ್ಲಿ ಇಂಗ್ಲಿಷ್ನೋರು ಕಟ್ಟಿದ ಬಂಗ್ಲೆ, ಚರ್ಚು ಎಲ್ಲಾ ಬಿಟ್ಟು ಕಾಲ್ನಡಿಗೇಲಿ ಬೆಟ್ಟ ಇಳಿದು ಕಾಡಿನ ಕುರುಂಬರ ಪುಟ್ಟ ಪುಟ್ಟ ಊರು, ಆ ಹಾಡಿಗಳನ್ನ ನೋಡೋದಂತೆ... ನನ್ನೂ ಎಳ್ಕೊಂಡು ಹೋದ್ರು. ಸೀರೆ ಉಟ್ಟು ಕ್ಯಾನ್ವಾಸ್ ಶೂ ಹಾಕ್ಕೊಂಡು ನಡೆದಿದೀನಿ ಕಣ್ರೇ, ನಗ್ಬೇಡಿ.

"ದಾರಿ ತೋರಿಸೋಕೆ ಅಂಥ ಒಂದು ಹಾಡಿಯ ಬೊಮ್ಮಣ್ಣ ಅಂತ ಒಬ್ರು ಬಂದಿದ್ರು. ಟೀ ತೋಟ ದಾಟಿ ಕಾಡು ಹೊಕ್ವಿ, ಅವರು ಮುಂದೆ, ನಾವಿಬ್ರು ಏದುಸಿರು ಬಿಡ್ತಾ ಎಷ್ಟೋ ಹಿಂದೆ. ಹಾಡಿ ಇನ್ನೇನು ಕೂಗಳತೆ ಇದೆ ಅನ್ನೋವಾಗ ದಾರಿ ಪಕ್ಕ ಒಂಟಿ ಮನೆ. ಜಗಲಿ ಮೇಲೆ ಕಂದು ಕಂಬ್ಳಿ ಹೊದ್ದು ಒಬ್ಬ ಹೆಂಗಸು ಕೂತಿದ್ಲು. ನಮ್ಮ ಯಜಮಾನ್ರು ನೀರು ಕೇಳಿದ್ರು, ಕೊಟ್ಲು. ಆ ಹಾಡಿಯೋರ ಮಾತು ನಮ್ಮ ಕನ್ನಡಕ್ಕೆ ಹತ್ರಾನೇ, ಅರ್ಥ ಆಗುತ್ತೆ. ನೀರು ಕುಡಿದು ಸುಮ್ನೆ ಬರಬಹುದಿತ್ತಲ್ವಾ? ಮೈಸೂರೋರ ಬಾಯಿ ಸುಮ್ನಿರುತ್ತಾ? ಬಸ್ಸಲ್ಲಿ ಪಕ್ಕ ಕೂತೋರನ್ನೂ ಮನೆಗೆ ಬನ್ನಿ ಅಂತೀವಿ, ಬರಲ್ಲ ಅಂತ ಗೊತ್ತಿದ್ದೇ ಅಂತೀವಿ. ಇವರೂ ಅಂದ್ರು, 'ಮೈಸೂರ್ ಕಡೆ ಬಂದ್ರೆ ನಮ್ಮನೆಗೆ ಬರ್ಲೇಬೇಕಮ್ಮ, ಸರಸ್ವತಿಪುರಂನಲ್ಲಿ ಸದಾಶಿವಯ್ಯ ಮೇಷ್ಟ್ರ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ.' ಅವಳು ತಲೆ ಎತ್ತಿ ನೋಡಿದ್ಲು... 'ಇರೋಕೆ ಬಿಡ್ತೀರಾ?' ಅಂದ್ಲು. ಹಂಗೆ ಯಾರಾದ್ರೂ ಕೇಳ್ತಾರೇನ್ರೇ? ಇವರಿಗೋ ಖುಷಿಯೋ ಖುಷಿ. 'ನಿಮ್ಮನೇನೇ ಅಂದ್ಕೊಳ್ಳಿ' ಅಂದ್ಬುಟ್ರು.

"ತಿರುವಿನಲ್ಲಿ ಕಾಯ್ತಿದ್ದ ಬೊಮ್ಮಣ್ಣನಿಗೆ ಇದನ್ನ ಹೇಳಿದ್ರೆ ಅವರ ಮುಖ ಬಿಳಿಚ್ಕೊಳ್ತು. 'ಆ ಮನೆ ಅವ್ವ ಮಳೆಗಾಲಕ್ಕೆ ಮುಂಚೇನೇ ಸತ್ತೋದ್ಲು. ಕಾರ್ಯ ಇನ್ನೂ ಮುಗಿದಿಲ್ಲ. ಮುಗಿಯೋವರ್ಗೂ ಆ ಬಾಗಿಲ ಮುಂದೆ ನಾವ್ಯಾರೂ ಬಾಯೇ ಬಿಡಲ್ಲ... ನೀವು ಕರೆದ್ಬಿಟ್ರಾ ಸ್ವಾಮಿ?' ಅಂದ್ರು. 'ಬರೀ ಬಾಯಿಮಾತಿಗೆ ಕಣಪ್ಪ' ಅಂದ್ರು ಇವರು.

"ವಾಪಸ್ ಬಂದ ವಾರಕ್ಕೆ, ಹಿಂಗೇ ಮಳೆ, ಹಿಂಗೇ ಸಂಜೆ... ಯಾರೋ ಬಾಗಿಲು ತಟ್ಟಿದ್ರು. ಇವರೇ ತೆಗೆದ್ರು. ಹೊರಗೆ ಧೋ ಅಂತ ಸುರೀತಿದೆ, ಅವಳ ಕಂಬ್ಳಿ ಮೇಲೆ ಒಂದು ಹನಿ ಇಲ್ಲ. ಇವರಿಗೆ ಅವಳ ಗುರುತು ಸಿಕ್ತು, ಆದ್ರೂ ಬಾಯಿ ರೂಢಿ ಪ್ರಕಾರ 'ಬನ್ನಿ ಬನ್ನಿ, ಒಳಗೆ ಬನ್ನಿ' ಅಂತು.

"ಕೆಟ್ಟವಳಲ್ಲ ಕಣ್ರೇ. ಕಿರುಚಲ್ಲ, ಕತ್ತು ಹಿಸುಕಲ್ಲ. ಆದ್ರೆ ಅವಳು ಕೂತ ಜಾಗ ಅವಳದಾಗೋದು. ಮೊದ್ಲು ಒಲೆ ಮುಂದೆ, ಆಮೇಲೆ ಅಡುಗೆಮನೆ, ಆಮೇಲೆ ರೂಮು... ಅಲ್ಲಿ ನಾವು ಹೋಗಿ ನಿಂತ್ರೆ ಮೈ ಮರಗಟ್ಟೋದು, ಬಿಸಿ ಪಾತ್ರೆ ಮುಟ್ಟಿ ಬೊಬ್ಬೆ ಎದ್ರೂ ತಿಳೀತಿರ್ಲಿಲ್ಲ. ಒಂದಿನ ಕೇಳೇಬುಟ್ಟೆ, 'ಯಾವಾಗಮ್ಮ ಹೋಗೋದು?' ಅಂತ. 'ಕರೆದೋರು ಹೋಗು ಅಂದ್ರೆ ಹೋಗ್ತೀನಿ' ಅಂದ್ಲು. ಸುಲಭ ಅಲ್ವಾ? ಒಂದೇ ಒಂದು ಮಾತು! ಹೇಳ್ಬುಡಿ ಅಂತ ಇವರಿಗೆ ದಿನಾ ಗೋಗರೆದೆ. ಎದ್ದು, ಶಲ್ಯ ಸರಿಮಾಡ್ಕೊಂಡು, ಅಡುಗೆಮನೆ ಬಾಗಿಲ ತನಕ ಹೋಗಿ, ಕೆಮ್ಮಿ... 'ಊಟ ಆಯ್ತೇನಮ್ಮ?' ಅಂತ ಕೇಳಿ ವಾಪಸ್ ಬರೋರು. 'ಮನೆಗೆ ಬಂದೋರನ್ನ ಹೊರಡು ಅಂತ ಹೆಂಗೆ ಅನ್ನೋದು ಮಂಜುಳಾ?' ಅನ್ನೋರು. ಇವತ್ತಿಗೂ ನಂಗೆ ಅವರ ಮೇಲೆ ಕೋಪ ಇದೆ. ನನ್ನೊಳಗೆ ಉಳಿದಿರೋದು ಅದೊಂದೇ.

"ಕೊನೆಗೆ ಅವರಿಗೆ ಅಂತ ಇದ್ದಿದ್ದು ಈ ಹಾಲಲ್ಲಿ ಒಂದು ಕುರ್ಚಿ. ಒಂದು ಬೆಳಗ್ಗೆ ಕಾಫಿ ತಂದು ನೋಡಿದ್ರೆ ಕುರ್ಚೀಲಿ ಅವಳು ಕೂತಿದಾಳೆ. ಇವರು ಕೆಳಗೆ, ಗೋಡೆಗೆ ಒರಗಿದ್ರು. ಜೀವ ಇರ್ಲಿಲ್ಲ. ಎದ್ದು ಜಾಗ ಬಿಟ್ಟುಕೊಟ್ಟಿದ್ರು... ಸಾಯೋವಾಗ್ಲೂ ಮರ್ಯಾದೆ. ನಂಗೆ ಅಳು ಬರ್ಲಿಲ್ಲ. ಆರೋಗುತ್ತಲ್ಲ ಅಂತ ಆ ಕಾಫಿ ನಾನೇ ಕುಡಿದೆ."

ಹೊರಗೆ ಮಳೆ ಹಾಗೇ ಹೊಡೆಯುತ್ತಿತ್ತು. ನನ್ನ ಎರಡೂ ಕಾಲು ಜೋಮು ಹಿಡಿದಿದ್ದವು. ಬಹಳ ಹೊತ್ತು ಕೂತದ್ದಕ್ಕೆ ಎಂದುಕೊಂಡೆ. ಐಶ್ವರ್ಯ ಮೆಲ್ಲಗೆ, "ಆಮೇಲಾದ್ರೂ ಹೋದ್ಲಾ ಅಜ್ಜಿ?" ಎಂದಳು.

"ಹೋಗು ಅನ್ನೋಕೆ ಕರೆದೋರೇ ಇಲ್ವಲ್ಲೇ... ನಾನು ಅಂದ್ರೆ ಕಿವಿಗೇ ಹಾಕ್ಕೊಳಲ್ಲ. ಈ ಮನೇಲಿ ನಂದು ಅಂತ ಈಗ ಒಂದು ಮಂಚ ಇದೆ, ಅಷ್ಟೇ. ನಿನ್ನೆ ಬಂದು ಅದರ ತುದೀಲಿ ಕೂತ್ಕೊಂಡ್ಲು. ತುಂಬಾ ಮರ್ಯಾದೆಯಿಂದಾನೇ ಕೇಳಿದ್ಲು ಕಣ್ರೇ... 'ನೀವು ಯಾವಾಗ ಹೊರಡ್ತೀರಿ?' ಅಂತ."