ಎರಡನೆಯ ದಿನ ಯಾಕೆ ಬಂದೆ ಅಂದರೆ

“ಬಾಯಿ ಬಿಡದವರನ್ನ ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ತೀಯಾ? ಗೋಡೆ ಮೇಲಿನ ಹಲ್ಲಿಯಾದ್ರೂ ಆಗಾಗ ಲೊಚಗುಟ್ಟುತ್ತೆ. ನಾವು ಕಣ್ಣು ಕಳ್ಕೊಂಡು ಕಲಿತಿದ್ದನ್ನ ಇವರು ಬಿಟ್ಟಿ ಓದ್ಕೊಂಡು ಹೋಗ್ತಾರೆ. ಇವತ್ತೇ ಎಲ್ಲರನ್ನೂ ಗುಂಪಿಂದ ತೆಗೀತೀನಿ” ಅಂದೆ, ಮೊಬೈಲು ಕೈಗೆತ್ತಿಕೊಂಡು.

“ಓದ್ಲಿ ಬಿಡಣ್ಣ. ಓದಿದ್ರೆ ಅಕ್ಷರ ಸವೆಯುತ್ತಾ?” ಅಂದ ತಮ್ಮ.

“ನೀನೂ ಅದೇ ತಳಿ ತಾನೆ? ಗುಂಪಲ್ಲಿ ಒಂದು ಸಾಲು ಬರೆದಿದ್ದೀಯಾ? ಮೊದಲು ನಿನ್ನ ತೆಗೀಬೇಕು. ಗುಂಪಿಂದ ಯಾಕೆ, ಅಂಗಡಿಯಿಂದಲೇ.”

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮಾತು ಬಾಯಿಂದ ಜಾರಿಬಿಟ್ಟಿತ್ತು. ತಮ್ಮ ತಲೆ ತಗ್ಗಿಸಿ ಬೆಸುಗೆ ಕಡ್ಡಿಯನ್ನು ಒರೆಸತೊಡಗಿದ.

ನಮ್ಮದು ರೇಡಿಯೊ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿಯ ಅಂಗಡಿ. ರಿಪೇರಿ ಮಾಡುವವರಿಗೆಂದು ನಾನು ಮೊಬೈಲಿನಲ್ಲಿ ಒಂದು ಗುಂಪು ನಡೆಸುತ್ತೇನೆ. ಅವತ್ತು ಸಂಜೆ ಮಳೆ ಹಿಡಿದುಕೊಂಡಿತ್ತು. ಇಸ್ತ್ರಿಪೆಟ್ಟಿಗೆ ಒಯ್ಯಲು ಬಂದ ಪಕ್ಕದ ದರ್ಜಿಯಮ್ಮ ಹೊರಡಲಾಗದೆ ಕೂತಿದ್ದಳು. ಮೂಲೆಯ ಸ್ಟೂಲಿನಲ್ಲಿ ವಾಲ್ವ್ ಅಜ್ಜ ಇದ್ದರು. ವಾಲ್ವಿನ ರೇಡಿಯೊಗಳ ಕಾಲದವರು, ನಮ್ಮಿಬ್ಬರಿಗೂ ಕೆಲಸ ಕಲಿಸಿದವರು.

“ಆ ಫೋನು ಕೆಳಗಿಡು” ಅಂದರು ಅಜ್ಜ. “ಹೇಗೂ ಮಳೆ ಬಿಡಲ್ಲ. ಒಂದು ಮಾತು ಹೇಳ್ತೀನಿ, ಕೇಳಿ.

“ನಮ್ಮ ಭಾವ ಇದ್ರಲ್ಲ, ಅಕ್ಕನ ಗಂಡ, ಅವರೂ ರೇಡಿಯೊದವರೇ, ವಯಸ್ಸಾದ ಮೇಲೆ ಕಂಪ್ಯೂಟರು ಕಲಿತು ಹಳೇ ರೇಡಿಯೊದವರಿಗೆ ಅಂತ ಇಂಟರ್ನೆಟ್ಟಲ್ಲಿ ಒಂದು ತಾಣ ಮಾಡಿದ್ರು, ಅದರಲ್ಲಿ ಎಲ್ಲರೂ ಬರೆದು ಹರಟೋಕೆ ಹರಟೆ ಕಟ್ಟೆ ಅಂತ ಒಂದು ಜಾಗ... ಅಲ್ಲಿ ಭಾವನ ಮಾತು ಕೇಳ್ಬೇಕಿತ್ತು ನೀವು. ಮನೇಲಿ ಮಾತ್ರ ಅಕ್ಕನ ಹತ್ರ ‘ಹೂಂ’, ‘ಸಾಕು’, ಅಷ್ಟೇ. ಬಾಯಿ ಇರೋದು ಉಣ್ಣೋಕೆ ಅನ್ನೋ ಹಾಗೆ.”

“ನಮ್ಮನೆಯವರೂ ಹಾಗೇ. ಬೀದೀಲಿ ಭಾಷಣ, ಮನೇಲಿ ಮೌನ” ಅಂದಳು ದರ್ಜಿಯಮ್ಮ.

“ಆ ಪುಟದ ಬುಡದಲ್ಲಿ ಒಂದು ಸಾಲು ಬರ್ತಿತ್ತು. ಈಗ ಇಲ್ಲಿರುವವರು, ಸದಸ್ಯರು ಇಷ್ಟು ಜನ... ಅತಿಥಿ ಒಬ್ಬರು. ಹೆಸರು ಕೊಡದೆ ಸುಮ್ನೆ ಓದೋರಿಗೆ ಅತಿಥಿ ಅನ್ನೋದು. ಭಾವ ಕಟ್ಟೆ ಮೇಲೆ ಬಾಯಿ ತೆರೆದ್ರೆ ಸಾಕು, ಆ ಅತಿಥಿ ಹಾಜರು. ಯಾರು ಅಂತೀರಾ? ಅಡುಗೆಮನೇಲಿ ಮೊಬೈಲು ಹಿಡಿದು ಕೂತಿರ್ತಿದ್ದ ನಮ್ಮ ಅಕ್ಕ.

“ಒಂದ್ಸಲ ಭಾವ ಹಳೇ ಕತೆ ತೆಗೆದ್ರು. ಹುಡುಗನಾಗಿದ್ದಾಗ ನಮ್ಮ ಮನೆಗೆ ರೇಡಿಯೊ ರಿಪೇರಿಗೆ ಬಂದಿದ್ದು, ಬಾಗಿಲ ಸಂದೀಲಿ ಅಕ್ಕನ್ನ ನೋಡಿದ್ದು... ‘ರೇಡಿಯೊ ಅವತ್ತೇ ಸರಿಹೋಯ್ತು, ಆದರೂ ಎರಡನೆಯ ದಿನ ಬಂದೆ. ಯಾಕೆ ಬಂದೆ ಅಂದರೆ...’ ಅಂತ ಬರೆದು, ಉಳಿದಿದ್ದು ನಾಳೆ ಅಂದುಬಿಟ್ರು. ಆ ನಾಳೆಯೊಳಗೆ ಯಾರೋ ಅಲ್ಲಿದ್ದ ರೇಡಿಯೊ ನಕ್ಷೆ ಕದ್ದು ಬೇರೆ ಕಡೆ ಹಾಕಿದ್ದಾರೆ ಅಂತ ಗಲಾಟೆ ಎದ್ದು, ಎಲ್ಲರೂ ಸೇರಿ ಬಾಗಿಲು ಹಾಕಿದ್ರು. ಬರೆಯದವರಿಗೆ ಓದೋ ಹಾಗಿಲ್ಲ. ಈಗ ನೀನು ಮಾಡೋಕೆ ಹೊರಟಿದ್ದೀಯಲ್ಲ, ಅದೇ.

“ಅಕ್ಕ ನನ್ನ ಹತ್ರ ಬಂದ್ಲು. ‘ಎರಡನೇ ದಿನ ಯಾಕೆ ಬಂದ್ರಂತೋ?’ ಅಂದ್ಲು. ನಂಗೆ ಗೊತ್ತಿತ್ತು, ನೆಟ್ಟಗಿದ್ದ ರೇಡಿಯೊದ ತಂತಿ ಭಾವನೇ ಕಿತ್ತಿಟ್ಟು ಹೋಗಿದ್ದು ನಾನು ಕಣ್ಣಾರೆ ನೋಡಿದ್ದೆ. ಹೇಳೋಕೆ ಬಾಯಿ ತೆರೆದ್ರೆ ಅಕ್ಕ ತಡೆದ್ಲು. ‘ನೀನು ಹೇಳ್ಬೇಡ. ಅವರ ಮಾತಲ್ಲೇ ಬೇಕು.’ ನಾನು ಭಾವನಿಗೆ ತಿಳಿಸಿದೆ. ಭಾವ ಏನಂದ್ರು? ‘ನಿಯಮ ಅಂದ್ರೆ ನಿಯಮ. ಹೆಸರು ಕೊಟ್ಟು ಒಂದು ಸಾಲು ಬರೆದು ಒಳಗೆ ಬರಲಿ.’ ಹೊಟ್ಟೇಲಿ ಪ್ರೀತಿ, ಹೆಗಲ ಮೇಲೆ ಬಿಂಕ... ಆ ಮಳೆಗಾಲದಲ್ಲೇ ಅಕ್ಕ ಕೂತಲ್ಲೇ ಹೋದ್ಲು, ಎದೆ ನಿಂತು.”

ತಮ್ಮನ ಕೈಯಲ್ಲಿದ್ದ ಕಡ್ಡಿ ಆರಿ ತಣ್ಣಗಾಗಿತ್ತು.

“ಆಮೇಲೊಂದು ದಿನ ಭಾವ ಕಟ್ಟೆ ತೆರೆದ್ರು. ಬಾಗಿಲು ಹಾಕಿದ ಮೇಲೆ ಅತಿಥಿ ಅನ್ನೋ ಸಾಲೇ ಬರೋ ಹಾಗಿಲ್ಲ. ಬಂತು. ಅತಿಥಿ ಒಬ್ಬರು.

“ಭಾವ ಬರೆಯೋಕೆ ಕೂತ್ರು ನೋಡಿ... ನಮ್ಮ ಮನೆ ಬಾಗಿಲಿನ ಬಣ್ಣ, ಅಕ್ಕನ ಜಡೆ, ಕೊಟ್ಟ ನೀರಿನ ಲೋಟ, ವರ್ಷಗಟ್ಟಲೆ ಮೊದಲನೇ ದಿನದ್ದನ್ನೇ ಬರೆದ್ರು. ಬೇಸತ್ತು ಉಳಿದವರೆಲ್ಲ ಎದ್ದು ಹೋದ್ರು. ಆ ಒಬ್ಬರು ಮಾತ್ರ ಕೂತೇ ಇದ್ರು. ‘ಎರಡನೇ ದಿನದ್ದು ಬರೆದು ಮುಗಿಸಿ ಭಾವ, ಪಾಪ’ ಅಂದೆ. ‘ಮುಗಿಸಿದ್ರೆ ಎದ್ದು ಹೋಗ್ತಾಳೆ ಕಣೋ’ ಅಂದ್ರು. ಮುಗಿಸದೆ ಅವರೂ ಹೋದ್ರು. ಇನ್ನು ಅತಿಥಿ ಇಬ್ಬರು ಅಂತ ಬರುತ್ತೆ ಅಂದ್ಕೊಂಡೆ ನಾನು. ಇಲ್ಲಪ್ಪ... ಒಬ್ಬರೇ. ಎಲ್ಲಿಗೆ ಹೋದ್ರೋ ಭಾವ, ಅಲ್ಲೂ ಅವಳ ಜೊತೆ ಇಲ್ಲ.”

“ಹಾಗಾದ್ರೆ ನೀವೇ ಬರೆದು ಮುಗಿಸಿ” ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿತು. “ತಂತಿ ವಿಷಯ ನಿಮಗೆ ಗೊತ್ತಲ್ಲ.”

“ಬರೆದೆ. ಎಲ್ಲಾ ಬರೆದೆ, ಭಾವನ ಹೆಸರಲ್ಲೇ ಬರೆದೆ.” ಅಜ್ಜ ಮಳೆಯತ್ತ ನೋಡಿದರು. “ಇವತ್ತು ಇಲ್ಲಿಗೆ ಬರೋ ಮೊದಲೂ ತೆಗೆದು ನೋಡಿದೆ. ಇನ್ನೂ ಕೂತಿದ್ದಾಳೆ. ನನ್ನ ಮಾತು ಬೇಡ ಅಂದಿದ್ಲಲ್ಲ... ಇನ್ನು ಅವಳನ್ನ ಎಬ್ಬಿಸೋರು ಯಾರು?”

ದರ್ಜಿಯಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ತಮ್ಮ ಎದ್ದ. ಕಡ್ಡಿಯನ್ನು ಅದರ ಗೂಡಿಗೆ ಇಟ್ಟ, ಇಕ್ಕಳಗಳನ್ನು ಸಾಲಾಗಿ ಜೋಡಿಸಿದ, ಅಜ್ಜನ ಕಾಲು ಮುಟ್ಟಿದ. ಬಾಗಿಲಲ್ಲಿ ಒಂದು ಗಳಿಗೆ ನನ್ನ ಕಡೆ ತಿರುಗಿ ನಿಂತ. ಸಿಟ್ಟಿನಲ್ಲಿ ಅಂದದ್ದು ಕಣೋ, ಕೂತ್ಕೊ... ಅಷ್ಟು ಹೇಳಿದ್ದರೆ ಸಾಕಿತ್ತು. ಮಾತು ನಾಲಿಗೆಯ ಮೇಲೇ ಇತ್ತು. ನಾಳೆ ಬಂದಾಗ ಹೇಳಿದರಾಯಿತು ಅಂದುಕೊಂಡೆ.

ಅವನು ಮಳೆಗೆ ಇಳಿದು ನಡೆದ. ಮತ್ತೆ ಬರಲಿಲ್ಲ.