ಹದಿನೈದು ದೊಡ್ಡದೋ, ಎರಡು ದೊಡ್ಡದೋ

ಹಾಲಿನ ಡೈರಿಯ ಮುಂದೆ ಸಾಲು ಆಮೆಯಂತೆ ಸಾಗುತ್ತಿತ್ತು. ಕ್ಯಾನು ಹಿಡಿದು ನಿಂತಿದ್ದ ಬಡಗಿಯ ಕಿವಿ ತನ್ನ ಮುಂದಿದ್ದ ತಾಯಿ ಮಗಳ ಮಾತಿನ ಮೇಲೇ ಇತ್ತು.

"ದಶಮಾಂಶದ ಲೆಕ್ಕ ಮತ್ತೆ ತಪ್ಪೇನೇ?"

"ನೀನು ಹೇಳ್ಕೊಟ್ಟಿದ್ದನ್ನೇ ಬರೆದೆ. 0.3ಕ್ಕಿಂತ 0.25 ದೊಡ್ಡದು ಅಂತ. ಟೀಚರ್ ತಪ್ಪು ಹಾಕಿದ್ರು."

"ಇಪ್ಪತ್ತೈದು ದೊಡ್ಡದಲ್ದೆ ಮೂರು ದೊಡ್ಡದಾ? ನಾಳೆ ಶಾಲೆಗೇ ಬಂದು ಕೇಳ್ತೀನಿ."

"ಬೇಡಮ್ಮಾ, ಎಲ್ರೂ ನಗ್ತಾರೆ! ಒಂದನ್ನ ಹತ್ತು ಪಾಲು ಮಾಡಿ ಮೂರು ತಗೊಂಡ್ರೆ..."

"ಪಾಲು ಗೀಲು ನನಗೆ ಹೇಳ್ಬೇಡ. ಮೊಟ್ಟೆ ಕೋಳಿಗೆ ಬುದ್ಧಿ ಹೇಳ್ತಂತೆ."

ಅಷ್ಟರಲ್ಲಿ ಅವರ ಸರದಿ ಬಂತು. ಹಾಲು ಪರೀಕ್ಷಿಸುವವನು ಯಂತ್ರ ನೋಡಿ ಕೂಗಿದ.

"ಜಿಡ್ಡು ನಾಲ್ಕು ಪಾಯಿಂಟ್ ಎರಡು."

"ನಿನ್ನೆ ನಾಲ್ಕು ಪಾಯಿಂಟ್ ಹದಿನೈದು ಇತ್ತಲ್ಲಪ್ಪಾ! ಅಷ್ಟೊಂದು ಹಿಂಡಿ ತಿನ್ಸಿದ್ರೂ ಇಳೀತಾ?"

"ಇಳಿದಿಲ್ಲಕ್ಕಾ, ಏರಿದೆ."

ತಾಯಿ ಅವನ ಮುಖ ನೋಡಿದಳು, ಆಮೇಲೆ ಮಗಳ ಮುಖ. ಮಗಳು ತಲೆ ತಗ್ಗಿಸಿ ಖಾಲಿ ಕ್ಯಾನಿನ ಮುಚ್ಚಳ ತಿರುಗಿಸುತ್ತಿದ್ದಳು.

"ನಿಮ್ಮ ಟೀಚರ್ ಇವನಿಗೂ ಪಾಠ ಹೇಳಿದ್ದಾಳೇನೇ?" ಎಂದು ಗೊಣಗುತ್ತ ತಾಯಿ ಹೊರಟಳು. ಮಗಳು ಹಿಂದೆಯೇ ಓಡಿದಳು.

"ಅಮ್ಮಾ, ನಾಳೆ ಶಾಲೆಗೆ ಬರ್ತೀಯಾ?"

"ಬಾಯಿ ಮುಚ್ಕೊಂಡು ನಡಿ."

ಬಡಗಿ ತನ್ನ ಕ್ಯಾನನ್ನು ಮುಂದಕ್ಕೆ ಸರಿಸಿದ.