ಅಮ್ಮಾವ್ರ ಹೆಸರಿನ ಬಾಟ್ಲಿ

...ಹಾಂ, ಹಂಗೇ, ನಿಧಾನಕ್ಕೆ! ಇನ್ನೊಂದ್ ಗುಟುಕು ಕುಡೀರಿ ಅಮ್ಮಾವ್ರೇ. ಸಕ್ಕರೆ ನೀರು, ವಿಷ ಅಲ್ಲ. ಅಯ್ಯಯ್ಯೋ, ಪಾತ್ರೆ ತೊಳೆದಿಟ್ಟು ಕಾಫಿ ಕೇಳೋಣ ಅಂತ ಬಂದ್ರೆ, ದೇವ್ರ ಮನೇಲಿ ವಿಭೂತಿ ಗಟ್ಟಿ ಹಿಡ್ಕೊಂಡೇ ಉದ್ದಕ್ಕೆ ಬಿದ್ದಿದೀರಿ! ಮೈಯೆಲ್ಲಾ ಬೆವರು, ಕೈಯೆಲ್ಲಾ ನಡುಕ... ನನ್ ಜೀವ ಬಾಯಿಗ್ ಬಂದಿತ್ತು.

ಯಾಕ್ ನಗ್ತೀರಾ? ಸಕ್ಕರೆ ಕಾಯ್ಲೆಯವ್ರಿಗೆ ಸಕ್ಕರೆ ನೀರು ಕುಡಿಸ್ತಾಳಲ್ಲ ಅಂತಾನಾ? ಮೈಯಲ್ಲಿ ಸಕ್ಕರೆ ತೀರಾ ಕಮ್ಮಿ ಆದ್ರೆ ಹಿಂಗೇ ಬೀಳೋದು, ಆಗ ಸಿಹಿ ಕೊಡ್ಬೇಕು ಅಂತ ಜಗನ್ನಾಥ ಡಾಕ್ಟ್ರೇ ಹೇಳಿದ್ರಲ್ಲ. ನೀವು ಹೆಡ್ಮಿಸ್ ಆಗಿದ್ದೋರು, ಮರೆತ್ರಿ. ಈ ಚಿಕ್ಕಗಂಗಮ್ಮ ಹೆಬ್ಬೆಟ್ಟು, ನೆನಪಿಟ್ಕೊಂಡಿದೀನಿ ನೋಡಿ!

ಅವ್ರನ್ನ ಕರ್ಕೊಂಡ್ ಬರ್ಲಾ? ಬೇಡ್ವಾ? ಒಳ್ಳೇದಾಯ್ತು... ಅಲ್ಲ, ಸುಸ್ತಾಗಿದೀರಲ್ಲ, ಮಲಗಿ ಅಂದೆ.

ಆದ್ರೆ ಒಂದ್ ಮಾತು. ಆ ಸಕ್ಕರೆ ಮಾತ್ರೆ ಇವತ್ತಿಂದ ಮೊದ್ಲಿನ ಹಂಗೆ ಒಂದೇ ನುಂಗಿ. ಎರಡು ಬೇಡ. ...ಡಾಕ್ಟ್ರು ಬರ್ದಿದಾರೆ, ನಿಜ. ಹೋದ್ ವಾರ ನಿಮ್ ಮಂಡಿ ಊದಿ ನಡೆಯಕ್ಕಾಗಲ್ಲ ಅಂತ ನಾನೇ ತಾನೇ ಮೂತ್ರದ ಬಾಟ್ಲಿ ತಗೊಂಡ್ಹೋಗಿ ಕೊಟ್ಟು, ಚೀಟಿ ತಂದಿದ್ದು. ಅದಕ್ಕೆ ಔಷಧಿ ಹಾಕಿ ಕಾಯ್ಸಿದ್ರೆ, ಸಕ್ಕರೆ ಇಲ್ದಿದ್ರೆ ನೀಲಿ ಇರ್ಬೇಕಂತೆ. ಇಟ್ಟಿಗೆ ಕೆಂಪು ಬಂತಂತೆ! 'ನಿಮ್ಮ ಮೇಡಂ ಕದ್ದು ಹೋಳಿಗೆ ತಿಂದಿರ್ಬೇಕು, ಎರಡೆರಡು ನುಂಗಕ್ಕೆ ಹೇಳು' ಅಂದ್ಬಿಟ್ರು.

ಗೊತ್ತು ಗೊತ್ತು, ನೀವ್ ತಿಂದಿಲ್ಲ. ಆಣೆ ಯಾಕೆ ಹಾಕ್ತೀರಾ, ನಂಗ್ ಗೊತ್ತಿಲ್ವಾ? ...ಹೆಂಗ್ ಗೊತ್ತು ಅಂದ್ರೆ... ಡಬ್ಬಗಳನ್ನೆಲ್ಲ ಒರೆಸಿಡೋಳು ನಾನಲ್ವಾ!

ಏನು? ನಾನಾ? ಕುಂಟ್ತಾ ಇಲ್ವಲ್ಲ... ಸ್ವಲ್ಪ ಅಷ್ಟೆ. ಗೌರಿ ಹಬ್ಬದಲ್ಲಿ ಕಾಲ್ಬೆರಳಿಗೆ ಕಲ್ಲು ತಗುಲಿದ್ದು, ಶಿವರಾತ್ರಿ ಆದ್ರೂ ಮಾಗಿಲ್ಲ. ಕಣ್ಣೂ ಮಂಜು, ಅಕ್ಕೀಲಿ ಕಲ್ಲು ಕಾಣಲ್ಲ. ಇಬ್ಬರಿಗೂ ಅರವತ್ತೆರಡು, ಇಬ್ಬರಿಗೂ ಮಂಡಿನೋವು! ನೀವು ಕೂತ್ರೆ ಏಳಕ್ಕಾಗಲ್ಲ, ನಂಗೆ ಕೂರಕ್ಕೆ ಪುರುಸೊತ್ತಿಲ್ಲ. ...ಆಸ್ಪತ್ರೆಗಾ? ದೊಡ್ಡಾಸ್ಪತ್ರೆ ಸಾಲಲ್ಲಿ ನಿಂತ್ರೆ ದಿನ ಮುಳುಗ್ತದೆ. ನಾಕು ಮನೆ ಪಾತ್ರೆ ಯಾರ್ ತಿಕ್ತಾರೆ? ಎರಡ್ ದಿನ ಹೋಗ್ಲಿಲ್ಲ ಅಂದ್ರೆ ಮೂರನೇ ದಿನಕ್ಕೆ ಬೇರೆಯೋಳು ಬಂದಿರ್ತಾಳೆ. ಇನ್ನು ನಿಮ್ಮ ಡಾಕ್ಟ್ರು ಫೀಸು... ಬಿಡಿ, ಅವ್ರ ಬಾಗಿಲ ಹತ್ರ ಚಪ್ಪಲಿ ಬಿಡೋಕೂ ಹೆದರಿಕೆ.

ಒಂದ್ ತಮಾಷೆ ಕೇಳಿ. ನಮ್ ಹಿತ್ಲಲ್ಲಿ ನಾನು ಒಂದಕ್ಕೆ ಕೂತೆದ್ದ ಜಾಗಕ್ಕೆ ಇರುವೆ ಸಾಲು ಸಾಲು ಬರ್ತವೆ! ಪಕ್ಕದ್ಮನೆ ಹನುಮಕ್ಕ ನೋಡಿ 'ಸಕ್ಕರೆ ಕಾಯ್ಲೆ ಕಣೇ' ಅಂದ್ಲು. ಹೋಗೇ ಅಂದೆ. ಅದು ನಿಮ್ ಬಸವೇಶ್ವರನಗರದೋರಿಗೆ ಬರೋದು. ನಮ್ ದಾಸರಹಳ್ಳೀಲಿ ರೇಷನ್ ಸಕ್ಕರೆಗೆ ಕ್ಯೂ ನಿಲ್ಲೋರಿಗೆ ಎಲ್ಲಿಂದ ಬರತ್ತೆ? ನಗಿ ನಗಿ, ಮುಖಕ್ಕೆ ಕಳೆ ಬಂತು!

ಸಾಕಾ? ಚೊಂಬಲ್ಲಿ ಉಳಿದಿದ್ದು ನೀನೇ ಕುಡಿ ಅಂತೀರಾ? ...ಬೇಡಮ್ಮ. ನಂಗ್ ಬೇಡ. ...ಅಯ್ಯೋ, ಎಂಟು ವರ್ಷದಿಂದ ನಿಮ್ಮನೆ ಪಾಯಸದ ತಪ್ಪಲೆ ಬಳಿದೋಳು ನಾನು, ಸರಿ. ಇವತ್ತು ಬೇಡ, ಅಷ್ಟೆ. ಮೊನ್ನೆ ಮೈಸೂರ್ ಪಾಕೂ ಬೇಡ ಅಂದ್ನಾ? ಕಾಫಿಗೂ ಸಕ್ಕರೆ ಬೇಡ ಅಂದ್ನಾ? ಯಾವತ್ತಿಂದ ಅಂದ್ರೆ... ಹೋದ್ ವಾರದಿಂದ...



ಅಮ್ಮಾವ್ರೇ? ಹಂಗ್ ನೋಡ್ಬೇಡಿ. ಚೊಂಬು ಕೆಳಗಿಡಿ, ಕೈ ನೋಯತ್ತೆ. ...ಕಾಲ್ಯಾಕ್ ನೋಡ್ತೀರಾ?

...ಹೌದು. ಆ ಬಾಟ್ಲೀಲಿದ್ದದ್ದು ನಂದು.

ನಿಮ್ದನ್ನ ಮೋರಿಗೆ ಚೆಲ್ಲಿ, ಮನೇಗ್ಹೋಗಿ ಬಾಟ್ಲಿ ತೊಳ್ದು, ನಂದು ತುಂಬಿದೆ. ನಂಗೂ ಆ ಕಾಯ್ಲೆ ಇದೆಯೋ ಇಲ್ವೋ, ಒಂದ್ಸಲ ತಿಳ್ಕೊಳ್ಳೋ ಆಸೆ. ನಿಮ್ಗೆ ಮಾತ್ರೆ ಜಾಸ್ತಿ ಮಾಡ್ತಾರೆ ಅಂತ ತಲೇಗೇ ಹೊಳೀಲಿಲ್ಲ, ನನ್ ಮಕ್ಕಳಾಣೆ! ಡಾಕ್ಟ್ರು ಹೇಳಿದ್ಮೇಲೆ... ಹೆದರಿಕೇಲಿ ಬಾಯೇ ಬರ್ಲಿಲ್ಲ. ಒಂದು ವಾರ ದಿನಾ ಹೇಳೋಣ ಅಂತ ಬಂದೆ, ಪಾತ್ರೆ ತಿಕ್ಕಿ ಹೋದೆ. ಇವತ್ತು ನೀವ್ ಬಿದ್ದಿದ್ ನೋಡಿ, ಕೊಂದೇಬಿಟ್ನಲ್ಲಪ್ಪಾ ಅಂತ...

ಬೈಯ್ರಿ. ಕೆಲ್ಸ ಬಿಡ್ಸಿ. ಆದ್ರೆ ನೀವೇ ಹೇಳಿ, ಬಾಟ್ಲಿ ಮೇಲೆ ಬಸವರಾಜೇಶ್ವರಿ ಅಂತ ನಿಮ್ ಹೆಸ್ರಿನ ಚೀಟಿ ಇಲ್ದಿದ್ರೆ ನನ್ ಉಚ್ಚೇನ ಯಾರಮ್ಮ ಕಾಯ್ಸಿ ನೋಡ್ತಿದ್ರು?

ಮುಖ ಆ ಕಡೆ ತಿರುಗಿಸ್ಕೊಂಡ್ರಾ... ಆಯ್ತು. ಆ ಚೊಂಬಾದ್ರೂ ಕೊಡಿ ಇಲ್ಲಿ, ಒಳಗಿಡ್ತೀನಿ. ಇರುವೆ ಬಂದ್ಬಿಡ್ತವೆ.